ಸೀಟಕ್ಕ ಏಳಲಿಲ್ಲ

ಸೀಟಕ್ಕನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವಾಗಲೋ ದಬ್ಬಳ ನುಗ್ಗಿ ಆದ ಸೀಳು. ಆಮೇಲೆ ಉಗುರು ಬೆಳೆದಾಗಲೆಲ್ಲ ಎರಡಾಗಿಯೇ ಬೆಳೆಯುತ್ತಿತ್ತು. ಆ ಸೀಳಿಗೆ ದಾರ ಸಿಕ್ಕಿಸಿ ಒಂದು ಸಲ ಜಗ್ಗಿದಳೆಂದರೆ ರೆಕ್ಸಿನ್ ಮೇಲಿನ ಹೊಲಿಗೆ ಬಿಗಿಯಾಗಿ ಕೂರುತ್ತಿತ್ತು. ನೋಡುತ್ತ ನಿಂತವರಿಗೆ ಮೈ ಜುಮ್ಮೆನ್ನುತ್ತಿತ್ತು. ಅವಳು ಮಾತ್ರ ದೇವರು ಪುಕ್ಕಟೆ ಕೊಟ್ಟ ಇಕ್ಕಳ ಎಂದು ನಗುತ್ತಿದ್ದಳು.

ದುದ್ದದ ಕಡೆಯ ಬೇಸಾಯದ ಮನೆಯವಳು. ಹಾಸನದಲ್ಲಿ ಅವಳ ಅಣ್ಣ ಟ್ರ್ಯಾಕ್ಟರು, ಸ್ಕೂಟರುಗಳ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದ. ಸೈಟು ಮಾರುವ ದಂಧೆಯ ರುಚಿ ಹತ್ತಿದ ಮೇಲೆ ಅವನು ಮೆಷಿನ್ನು ಬಿಟ್ಟು ಎದ್ದು ಹೋದ, ಇವಳು ಬಂದು ಕೂತಳು. ಹೆಂಗಸು ಕಾರಿನ ಸೀಟು ಹೊಲಿಯುವುದೇ ಎಂದು ಆಡಿಕೊಂಡವರೇ ಕಡೆಗೆ ಸೀಟಕ್ಕ ಎಂದು ಹೆಸರಿಟ್ಟರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ತಾಲ್ಲೂಕಿನಲ್ಲಿ ಹಳೇ ಕಾರು ಇಟ್ಟುಕೊಂಡವರೆಲ್ಲ ಅವಳ ಬಾಗಿಲಿಗೇ ಹೋಗಬೇಕಿತ್ತು. ಹಳೇ ಕಾರಿನ ಸೀಟಿನೊಳಗೆ ತೆಂಗಿನ ನಾರು ತುಂಬಿರುತ್ತದೆ. ನಾರನ್ನು ನೆನೆಸಿ, ಒಣಗಿಸಿ, ಕೈಯಲ್ಲಿ ಬಿಡಿಸಿ ಸ್ಪ್ರಿಂಗಿನ ಮೇಲೆ ಕೂರಿಸುವ ತಾಳ್ಮೆ ಬೇರೆ ಯಾರಿಗಿತ್ತು? ಫೋಮ್ ಹಾಕಿಬಿಡಿ ಅಂದವರಿಗೆ, ಅದು ಮದುವೆ ಛತ್ರದ ಕುರ್ಚಿಗೆ ಸರಿ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳದೊಂದು ಕ್ರಮವಿತ್ತು. ಬಟ್ಟೆ ಕತ್ತರಿಸುವ ಮೊದಲು, ಬರೀ ಸ್ಪ್ರಿಂಗಿನ ಮೇಲೆ ಗೋಣಿಚೀಲ ಹಾಸಿ ಕಾರಿನ ಯಜಮಾನರನ್ನು ಅರ್ಧ ಗಂಟೆ ಕೂರಿಸುವಳು. ಎಷ್ಟೇ ದೊಡ್ಡ ಮನುಷ್ಯನಾದರೂ ಸರಿ. ಸುತ್ತ ಸೀಮೆಸುಣ್ಣದ ಗೆರೆ ಎಳೆದುಕೊಂಡು, ಎಲ್ಲಿ ತಗ್ಗು ಎಲ್ಲಿ ಉಬ್ಬು ಎಂದು ಕೈಯಾಡಿಸಿ ನೋಡಿಕೊಳ್ಳುವಳು. ನನ್ನ ಸರದಿ ಬಂದಾಗ, ಕಾರು ನನ್ನದಲ್ಲ, ತಾತನದು, ಅವರ ಕಾಲದಲ್ಲಿ ಹೇಗಿತ್ತೋ ಹಾಗೇ ಹೊಲಿದರೆ ಸಾಕು ಎಂದೆ.

"ಕಾರು ನಿಮ್ಮ ತಾತಂದೇ ಇರ್ಲಿ ಸಾ," ಎಂದಳು. "ಕುಂಡೆ ನಿಮ್ದೇ ತಾನೆ? ಕೂತ್ಕಳಿ."

ಕೂತೆ. ನಾನು ಚನ್ನರಾಯಪಟ್ಟಣದಲ್ಲಿ ಔಷಧಿ ಅಂಗಡಿ ಇಟ್ಟವನು. ತಾತನ ಕರಿ ಕಾರು ತೋಟದ ಕೊಟ್ಟಿಗೆಯಲ್ಲಿ ವರ್ಷಾನುಗಟ್ಟಲೆ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೂರು ಸಲ ಮರಿ ಮಾಡಿತ್ತು. ಸಂಕ್ರಾಂತಿ ಕಳೆದ ಮೇಲೆ ಹಾಸನದ ಮೈದಾನದಲ್ಲಿ ಪ್ರತಿ ವರ್ಷ ಹಳೇ ವಾಹನಗಳ ಪ್ರದರ್ಶನ ನಡೆಯುತ್ತದಲ್ಲ, ಅದನ್ನು ಒಂದು ಸಲ ನೋಡಿ ಬಂದದ್ದೇ ತಡ, ನನ್ನ ತಲೆ ಕೆಟ್ಟಿತು. ಆ ಕಾರು ಎಬ್ಬಿಸಬೇಕು, ಬಹುಮಾನದ ಕಪ್ಪು ಗೆಲ್ಲಬೇಕು. ಹೆಂಡತಿ, ಕೋಳಿಗಳಾದರೂ ಆ ಕಾರಿನಿಂದ ಏನೋ ಸಂಪಾದನೆ ಮಾಡಿದವು, ನೀವೇನು ಮಾಡುತ್ತೀರಿ ಎಂದು ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸೀಟಕ್ಕ ಎರಡು ತಿಂಗಳು ದುಡಿದಳು. ಕೆಲಸ ಮುಗಿದ ದಿನ ನನ್ನ ಕೈಲಿ ಕಟ್ಟಾಯದ ತನಕ ಕಾರು ಓಡಿಸಿ, ತಾನು ಹಿಂದೆ ಕೂತು, ಸೀಟು ಎಲ್ಲಿ ಕಿರುಗುಟ್ಟುತ್ತದೆ ಎಂದು ಕಿವಿಗೊಟ್ಟು ಕೇಳಿದಳು. ವಾಪಸು ಬಂದು ಒಂದು ಮೂಲೆ ಬಿಚ್ಚಿ ಮತ್ತೆ ಹೊಲಿದಳು. ಅಷ್ಟು ಹೊತ್ತಿಗೆ ನಾನು 'ಸಾ' ಹೋಗಿ 'ತಮ್ಮ' ಆಗಿದ್ದೆ.

ಪ್ರದರ್ಶನದ ದಿನ ಕಾರುಗಳ ಸುತ್ತ ಹಗ್ಗ ಕಟ್ಟಿದ್ದರು. ಒಳಗೆ ಯಜಮಾನರು ಮತ್ತು ತೀರ್ಪುಗಾರರು, ಹೊರಗೆ ಮಿಕ್ಕವರು. ಪೇಂಟು ಹೊಡೆದವರು, ಎಂಜಿನ್ ಬಿಚ್ಚಿ ಕಟ್ಟಿದವರು, ಎಲ್ಲ ಹೊರಗೇ. ಸೀಟಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಊಟದ ಡಬ್ಬಿ ಹಿಡಿದು ನನ್ನ ಕಾರಿನ ನೇರಕ್ಕೆ ನಿಂತಿದ್ದಳು. ಬೆಂಗಳೂರಿನಿಂದ ಬಂದ ತೀರ್ಪುಗಾರರು ಬಾಗಿಲು ತೆಗೆದು, ಸೀಟು ಒತ್ತಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲಿ ಮಾಡಿಸಿದ್ದು ಎಂದು ಒಬ್ಬರು ಕೇಳಿದರು.

ಬೆಂಗಳೂರಲ್ಲಿ ಮಾಡಿಸಿದ್ದು ಸರ್, ಎಂದುಬಿಟ್ಟೆ.

ಯಾರೂ ನನ್ನ ಕತ್ತಿನ ಮೇಲೆ ಕತ್ತಿ ಇಟ್ಟಿರಲಿಲ್ಲ. ನಮ್ಮ ಕಡೆಯವರಿಗೆ ಇದೊಂದು ರೋಗ. ಮದುವೆ ಸೀರೆಯನ್ನು ಪಕ್ಕದ ಬೀದಿಯಲ್ಲಿ ಕೊಂಡಿದ್ದರೂ ಬೀಗರ ಮುಂದೆ ಬೆಂಗಳೂರಿನದು ಅನ್ನುತ್ತೇವೆ. ಹಲ್ಲು ಕೀಳಿಸಿಕೊಂಡರೂ ಬೆಂಗಳೂರಲ್ಲಿ ಕೀಳಿಸಿದ್ದು ಅನ್ನುತ್ತೇವೆ. ಹಾಗಂದರೆ ಇನ್ನೆರಡು ಪಾಯಿಂಟು ಬರಬಹುದು ಎಂದು ನಾಲಿಗೆ ತಾನೇ ಲೆಕ್ಕ ಹಾಕಿ ಹೇಳಿತ್ತು. ಅವಳು ನಾಲ್ಕೇ ಮಾರು ದೂರದಲ್ಲಿದ್ದಾಳೆ ಎಂಬುದು ಹೇಳಿ ಮುಗಿಸಿದ ಮೇಲೆ ನೆನಪಾಯಿತು.

ಸೀಟಕ್ಕ ಡಬ್ಬಿಯನ್ನು ಕೆಳಗಿಟ್ಟಳು. ಸೀರೆಯ ನೆರಿಗೆ ಎತ್ತಿ ಹಿಡಿದು ಹಗ್ಗ ದಾಟಿ ಬಂದಳು. ನೇರ ನನ್ನ ಕಾರಿನ ಬಾಗಿಲು ತೆಗೆದು ಸ್ಟೇರಿಂಗಿನ ಮುಂದೆ ಕೂತಳು. ಬಿಳಿ ಟೋಪಿಯ ಸ್ವಯಂಸೇವಕನೊಬ್ಬ ಓಡಿಬಂದು, ಇಲ್ಲಿ ಯಾರೂ ಕೂರುವ ಹಾಗಿಲ್ಲ, ಏಳಿ ಎಂದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ತೀರ್ಪುಗಾರರನ್ನೇ ನೋಡುತ್ತ ಹೇಳಿದಳು:

"ಇದ್ನ ಹೊಲ್ದ ಬೆಂಗ್ಳೂರೋರ್ನ ಕರ್ಸಿ ಸಾ. ಅವ್ರು ಬಂದು ಎಬ್ಬುಸ್ಲಿ. ಅಲ್ಲೀಗಂಟ ನಾನು ಏಳಾಕಿಲ್ಲ."

ದನಿ ಏರಿಸಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳಿದ ಹಾಗೆ ಕೇಳಿದಳು. ಜನ ಸೇರಿದರು. ಕಡೆಗೆ ನೆಲ ನೋಡುತ್ತ, ಸುಳ್ಳು ಹೇಳಿದೆ ಸರ್, ಇವರೇ ಹೊಲಿದದ್ದು ಎಂದೆ. ಜೋರಾಗಿ ಹೇಳು ಎಂದಳು. ಜೋರಾಗಿ ಹೇಳಿದೆ. ಆಮೇಲೆ ಎದ್ದಳು, ತಾನು ಕೂತ ಜಾಗವನ್ನು ಸೆರಗಿನಿಂದ ಒಮ್ಮೆ ಒರೆಸಿ, ಡಬ್ಬಿ ಎತ್ತಿಕೊಂಡು ಹೊರಟುಹೋದಳು. ಆ ವರ್ಷದ ಕಪ್ಪು ಹೊಳೆನರಸೀಪುರದ ಕಾರಿನ ಪಾಲಾಯಿತು. ಅದರ ಸೀಟೂ ಅವಳದ್ದೇ.

ವಾರ ಬಿಟ್ಟು ಬಾಳೆಹಣ್ಣಿನ ಚಿಪ್ಪು ಹಿಡಿದು ಅಂಗಡಿಗೆ ಹೋದೆ. ತಪ್ಪಾಯಿತಕ್ಕ ಎಂದೆ. ಅವಳು ಮೆಷಿನ್ ನಿಲ್ಲಿಸಲಿಲ್ಲ.

"ನನ್ತಾವ ಬಂದು ಯಾಕ್ ಯೋಳ್ತೀಯ ತಮ್ಮ? ನಾನೇ ಹೊಲ್ದಿದ್ದು ಅಂತ ನಂಗ್ ಗೊತ್ತಿಲ್ವಾ? ಗೊತ್ತಿಲ್ದೋರ್ಗೆ ಯೋಳೋಗು."

ಅವತ್ತಿನಿಂದ ಅಂಗಡಿಯಲ್ಲಿ ಹೊಸ ಕಾನೂನು ಬಂತು. ತಾನು ಸೀಟು ಹೊಲಿದ ಕಾರು ಪ್ರದರ್ಶನಕ್ಕೆ ಹೋದರೆ ಮುಂದೊಂದು ಬೋರ್ಡು ಇಡಬೇಕು: 'ಸೀಟು ಹೊಲಿದದ್ದು ಹಾಸನದ ಸೀಟಕ್ಕ.' ಒಪ್ಪದವರ ಕಾರು ಮುಟ್ಟುವುದಿಲ್ಲ. ಪೂರ್ತಿ ಹೆಸರು ಹಾಕಿಸೋಣ ಎಂದರೆ, ಜನ ಕರೆಯುವ ಹೆಸರೇ ಇರಲಿ ಅಂದಳು. ಅರಕಲಗೂಡಿನ ಹಳೇ ಜೀಪಿನ ಯಜಮಾನರು ದೊಡ್ಡ ಜಮೀನುದಾರರು. ದರ್ಜಿಗೆಲ್ಲ ಬೋರ್ಡು ಇಟ್ಟುಕೊಂಡು ಮೆರೆಸುವುದಕ್ಕೆ ನನಗೇನು ಗ್ರಹಚಾರವೇ ಎಂದು ಸಿಡುಕಿ ಬೆಂಗಳೂರಿಗೆ ಹೋದರು. ಆರು ತಿಂಗಳಿಗೆ ಸೊಂಟ ಹಿಡಿದುಕೊಂಡು ವಾಪಸು ಬಂದರು. ಸೀಟಕ್ಕ ಏನೂ ಆಡಿ ತೋರಿಸಲಿಲ್ಲ, ಗೋಣಿಚೀಲ ಹಾಸಿ ಕೂರಿಸಿದಳು, ಅಷ್ಟೆ. ಮರುವರ್ಷ ಅವರ ಜೀಪಿನ ಮುಂದೂ ಬೋರ್ಡು ನಿಂತಿತ್ತು. ಕೆಲವು ವರ್ಷ ಹೀಗೇ ನಡೆಯಿತು. ಸೀಟಕ್ಕ ಹಗ್ಗದ ಒಳಗೇ ಓಡಾಡುತ್ತಿದ್ದಳು, ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಹೋದ ದೀಪಾವಳಿಯ ಹಿಂದೆಮುಂದೆ ಅವಳು ಹೋಗಿಬಿಟ್ಟಳು. ಬೆಳಿಗ್ಗೆ ಎದೆ ಹಿಡಿದುಕೊಂಡಿತಂತೆ, ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ಕೇಳಿದಾಗ ನಾನು ಯಾರಿಗೋ ಕೆಮ್ಮಿನ ಔಷಧಿ ಕೊಡುತ್ತಿದ್ದೆ. ಅಂಗಡಿ ಬಾಗಿಲು ಎಳೆದು ಒಳಗೆ ಕೂತು ಅತ್ತೆ. ಒಡಹುಟ್ಟಿದವರಿಗೂ ನಾನು ಹಾಗೆ ಅತ್ತವನಲ್ಲ.

ಈ ಸಲದ ಪ್ರದರ್ಶನಕ್ಕೆ ಹೊಸ ಸಮಿತಿ ಬಂದಿತ್ತು. ಗೇಟಿನಲ್ಲೇ ತಡೆದರು. ಈ ಬೋರ್ಡುಗಳಿಂದ ಮೈದಾನದ ಅಂದ ಕೆಡುತ್ತದೆ, ತೆಗೆಯಿರಿ, ಇಲ್ಲವಾದರೆ ಸ್ಪರ್ಧೆಗೆ ಸೇರಿಸುವುದಿಲ್ಲ ಎಂದರು. ಹೇಗೂ ಆಯಮ್ಮ ಈಗ ಇಲ್ಲವಲ್ಲ, ಯಾರು ಕೇಳುತ್ತಾರೆ ಎಂದು ಒಬ್ಬ ಸಮಾಧಾನ ಹೇಳಿದ. ಆ ಮಾತಿಗೆ ನನ್ನ ಪಿತ್ತ ನೆತ್ತಿಗೇರಿತು. ನಾನು ಕೇಳುತ್ತೀನಿ ಕಣಯ್ಯಾ ಎಂದೆ. ಕಾರನ್ನು ಹಿಂದಕ್ಕೆ ತೆಗೆದು, ಗೇಟಿನ ಹೊರಗೆ, ಒಳಗೆ ಹೋಗುವವರೆಲ್ಲ ದಾಟಿಯೇ ಹೋಗಬೇಕಾದ ಜಾಗದಲ್ಲಿ ನಿಲ್ಲಿಸಿದೆ. ಬೋರ್ಡನ್ನು ಬಾನೆಟ್ಟಿಗೆ ಒರಗಿಸಿದೆ. ಮಿಕ್ಕವರು ತಮ್ಮ ಬೋರ್ಡು ಡಿಕ್ಕಿಗೆ ಹಾಕಿಕೊಂಡು ಒಳಗೆ ಹೋದರು. ಅವರನ್ನು ಬೈಯಲು ನನಗೆ ಯಾವ ಬಾಯಿ? ನಾನೂ ಒಂದು ಕಾಲಕ್ಕೆ ಅವರಿಗಿಂತ ಕಡೆಯಾಗಿದ್ದವನು.

ಮಧ್ಯಾಹ್ನದ ಹೊತ್ತಿಗೆ ಅರಕಲಗೂಡಿನ ಜೀಪು ಮೈದಾನದಿಂದ ಹೊರಗೆ ಬಂದು ನನ್ನ ಕಾರಿನ ಪಕ್ಕ ನಿಂತಿತು. ಯಜಮಾನರು ಇಳಿದು, ಹಿಂದಿನಿಂದ ತಮ್ಮ ಬೋರ್ಡು ಎಳೆದು ಜೀಪಿನ ಮುಂದೆ ನಿಲ್ಲಿಸಿ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತರು.

ಹೊತ್ತು ಇಳಿಯುವವರೆಗೆ ಇಬ್ಬರೂ ಅಲ್ಲೇ ಇದ್ದೆವು. ಕೇಳಿದವರಿಗೆ ಹೇಳಿದೆ. ಕೇಳದೆ ಹೊರಟವರನ್ನು ಕೈಹಿಡಿದು ನಿಲ್ಲಿಸಿ ಹೇಳಿದೆ, ಇದು ಬೆಂಗಳೂರಿನದಲ್ಲ, ನಮ್ಮ ಸೀಟಕ್ಕ ಹೊಲಿದದ್ದು, ಕೂತು ನೋಡಿ.