ಓ ಅನ್ನುವ ಗೋಡೆ

ಬಸವಕಲ್ಯಾಣದ ನಮ್ಮ ಓಣಿಯ ತುದಿಗೆ ಕಾರುಗಳಿಗೆ ರಿವರ್ಸ್ ಸೆನ್ಸರ್ ಹಾಕಿಕೊಡುವ ಮೆಕ್ಯಾನಿಕ್ ಒಬ್ಬರಿದ್ದರು. ಅದು ಹೇಗೆ ಕೆಲಸ ಮಾಡುತ್ತದೆಂದು ಯಾರೇ ಕೇಳಲಿ, ಕಿವಿಯ ಹಿಂದೆ ಕೈ ಇಟ್ಟುಕೊಂಡು ಒಂದೇ ಮಾತು ಹೇಳುತ್ತಿದ್ದರು: "ನಮಗ ಕೇಳಿಸದ ದನೀಲೆ ಕೂಗ್ತದ್ರಿ, ಎದುರಿಗಿದ್ದದ್ದು ಓ ಅಂತದ. ಎಷ್ಟು ಲಗೂ ಓ ಅಂತದೋ ಅಷ್ಟು ಸಮೀಪ."

ಓಣಿಯವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದ, ಕಣ್ಣು ಕಾಣದ ನೆರೆಯಾಕೆಗೆ ಅಂಥದೇ ಸೆನ್ಸರ್ ಕಟ್ಟಿ ಒಂದು ಕೋಲು ಮಾಡಿಕೊಟ್ಟರು. ಗೋಡೆ, ಶಟರ್, ಕಂಬ, ಎಲ್ಲದರ ಮುಂದೆಯೂ ಅದು ಪೀಂ ಎಂದಿತು. ಆದರೆ ಮೊದಲ ದಿನವೇ ಆಪಾ ನಮ್ಮ ಮನೆ ಮುಂದೆ ಒಣಹಾಕಿದ್ದ ಕೌದಿಯೊಳಗೆ ನೇರ ನಡೆದುಹೋದರು. ಮೆತ್ತನೆಯ ಬಟ್ಟೆ ದನಿಯನ್ನು ನುಂಗಿದ್ದರಿಂದ ಕೋಲು ಸುಮ್ಮನೇ ಇತ್ತು.

ಅದನ್ನು ನೋಡಿ ಮೆಕ್ಯಾನಿಕರ ಮುಖ ಸಣ್ಣದಾಯಿತು. "ಕೊಡ್ರಿ ಆಪಾ, ಬಿಚ್ಚತೀನಿ. ಕೌದಿ ಓ ಅನ್ನಂಗಿಲ್ಲ."

ಆಪಾ ಕೋಲು ಬಿಡಲಿಲ್ಲ. "ಕೌದಿ ಬಡದ್ರ ಏನಾಗ್ತದಪ್ಪ? ಗೋಡಿ ಓ ಅಂದ್ರ ಸಾಕು. ನಾ ಹುಮನಾಬಾದಿಗೆ, ತಂಗಿ ಮನಿಗೆ ಹೊಂಟೀನಿ."

ಒಬ್ಬರೇ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮೆಕ್ಯಾನಿಕ್ ಹಿಂದೆ ಹೋಗಲಿಲ್ಲ. ಕಿವಿಯ ಹಿಂದೆ ಕೈ ಇಟ್ಟುಕೊಂಡು ಅಲ್ಲೇ ನಿಂತರು. ತಿರುವಿನ ಕಂಬದ ಹತ್ತಿರ ಕೋಲು ಪೀಂ ಎಂದಾಗ, ಅವರು ಮೆಲ್ಲಗೆ "ಓ" ಎಂದರು.