ಹೆಸರಿಲ್ಲದ ಅಳತೆಗಳು

ನಮ್ಮತ್ತೆಗೆ ಮರೆವು ಹತ್ತಿದೆ ಎಂದು ಬೀದಿಗೆಲ್ಲ ಗೊತ್ತಾದದ್ದು ಒಂದು ಪ್ಯಾಂಟಿನಿಂದ. ಹೆಸರು ಅದಲುಬದಲಾಗಿ, ಉದ್ದನೆಯ ಅಂಚೆಯವರ ಪ್ಯಾಂಟನ್ನು ಗಿಡ್ಡ ಮೇಷ್ಟರಿಗೆ ಕೊಟ್ಟುಬಿಟ್ಟರು. ಅದನ್ನು ಎರಡು ಮಡಿಕೆ ಮಡಚಿಕೊಂಡು ಶಾಲೆಗೆ ಹೋದದ್ದು ಮೇಷ್ಟರ ಬುದ್ಧಿ. ನಗೆಪಾಟಲಾದದ್ದು ನಮ್ಮ ಹೊಲಿಗೆ ಅಂಗಡಿ.

ನನ್ನ ಗಂಡ ಅಂದೇ ತೀರ್ಮಾನ ಮಾಡಿದರು. ಭಾನುವಾರ ಅಂಗಡಿಗೆ ಬೀಗ, ಸೋಮವಾರ ಯಂತ್ರ ಮಾರಾಟ. ಅಮ್ಮನ ಮೇಲಿನ ಕಾಳಜಿಯಂತೆ. ನನಗೆ ಮೈಯೆಲ್ಲ ಉರಿಯಿತು. ನಲವತ್ತು ವರ್ಷ ಯಂತ್ರ ತುಳಿದು ಇವರನ್ನು ಓದಿಸಿದವರನ್ನು ಮೂಲೆಗೆ ಕೂರಿಸುವುದು ಯಾವ ಸೀಮೆ ಕಾಳಜಿ?

ಅತ್ತೆ ಅಳತೆಯನ್ನು ಎಂದೂ ಬರೆದಿಟ್ಟವರಲ್ಲ. ಗಿರಾಕಿಯ ಮೈಗೆ ತಕ್ಕಂತೆ ಕಂದು ಕಾಗದ ಕತ್ತರಿಸಿ ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದರು. ಅದರ ಮೇಲೆ ಹೆಸರಿಲ್ಲ, ಅಂಕಿಯಿಲ್ಲ. ಭಾನುವಾರ ಗಂಡ ಎಡಗೈಯಲ್ಲಿ ಬೀಗ ಹಿಡಿದೇ ಬಂದು ಆ ಕಂತೆಯ ಮುಂದೆ ನಿಂತರು.

"ಎರಡೇ ಎರಡು ಕಾಗದ ಗುರುತಿಸಮ್ಮ. ಬೀಗ ಹಾಕಲ್ಲ."

ಮೊದಲನೆಯದರ ಅಂಚಿನ ಮೇಲೆ ಅತ್ತೆ ಬೆರಳಾಡಿಸಿದರು. "ಹೆಸರು ಬರ್ತಿಲ್ಲ. ಬಲಭುಜ ಇಳಿದಿದೆ, ಚೀಲ ಹೊತ್ತೂ ಹೊತ್ತೂ. ಕಾಗದ ಹಂಚೋನು. ಅವನ ಪ್ಯಾಂಟೇ ನಾನು ಮೇಷ್ಟರಿಗೆ ಕೊಟ್ಟಿದ್ದು."

ನನಗೆ ನಗು ತಡೆಯಲಾಗಲಿಲ್ಲ. ಗಂಡ ದುರುಗುಟ್ಟಿ ನೋಡಿ, ಕಂತೆಯ ತಳದಿಂದ ಇನ್ನೊಂದನ್ನು ಎಳೆದರು. ಪುಟ್ಟ ಅಂಗಿಯ ಅಳತೆ, ಒಂದು ತೋಳು ಮಾತ್ರ ಇನ್ನೊಂದರ ಎರಡರಷ್ಟು ಅಗಲ. ಅತ್ತೆ ಅದನ್ನು ಬಹಳ ಹೊತ್ತು ಹಿಡಿದು ಕೂತರು.

"ಇದರ ಹೆಸರೂ ಬರ್ತಿಲ್ಲ."

"ಸಾಕು ಬಿಡಮ್ಮ," ಎಂದು ಗಂಡ ಬಾಗಿಲ ಕಡೆ ತಿರುಗಿದರು.

"ನಿಲ್ಲೋ, ಮಾತು ಮುಗಿದಿಲ್ಲ. ಈ ಹುಡುಗ ಕೈ ಮುರ್ಕೊಂಡಿದ್ದ. ಅಂಗಿ ತೋಳು ಹತ್ತಲ್ಲ, ಪರೀಕ್ಷೆಗೆ ಹೋಗಲ್ಲ ಅಂತ ಒಂದೇ ಹಟ. ಪಟ್ಟಿ ಕಟ್ಟಿದ ಕೈ ತೂರಲಿ ಅಂತ ಒಂದು ತೋಳು ಅಗಲ ಮಾಡಿ, ಅವನು ಸ್ನಾನ ಮುಗಿಸೋದ್ರೊಳಗೆ ಹೊಲಿದುಕೊಟ್ಟೆ."

ಅತ್ತೆಯ ಕಣ್ಣು ನನ್ನ ಗಂಡನ ಎಡಗೈ ಮೇಲೆ ನಿಂತಿತ್ತು.

"ಕೈ ಚೆನ್ನಾಗೇ ಕೂಡ್ಕೊಂಡಿದೆ. ಅದೇ ಕೈಯಲ್ಲಿ ನನ್ನ ಅಂಗಡಿಗೆ ಬೀಗ ಹಾಕ್ತೀಯಾ? ಹಾಕು, ನೋಡೋಣ."

ನಾನೇ ಗಂಡನ ಕೈಯಿಂದ ಬೀಗ ತೆಗೆದು ಗುಂಡಿಗಳ ಡಬ್ಬಿಗೆ ಹಾಕಿದೆ. ಅತ್ತೆ ಕೊರಳಿನ ಟೇಪನ್ನು ಎಳೆದುಕೊಂಡು ಎದ್ದು ಮಗನ ಬಳಿ ಹೋದರು.

"ನೆಟ್ಟಗೆ ನಿಂತ್ಕೋ. ಈ ಅಂಗಿ ಯಾರು ಹೊಲಿದಿದ್ದೋ, ಕಂಕುಳಲ್ಲಿ ಹಿಡೀತಿದೆ."