ದೊಡ್ಡವ್ವನ ಹಲ್ಲು

ನಮ್ಮವ್ವನ ಅಕ್ಕ, ನನ್ನ ದೊಡ್ಡವ್ವ, ಸುರಪುರದ ರಂಗಂಪೇಟ್ಯಾಗ ತೀರಿಕೊಂಡು ತಿಂಗಳಾಗಿತ್ತು. ನಾ ಶಹಾಪುರದಾಗ ನಮ್ಮ ಮನಿ ಪಡಸಾಲ್ಯಾಗ ಕೂತು ಕುಪ್ಪಸ ಹೊಲಿಯಾಕತ್ತಿದ್ದೆ. ಒಳಗಿನಿಂದ ದೊಡ್ಡವ್ವ ಕರದ್ಳು.

"ಸಣ್ಣಾಕಿ, ಸ್ವಲ್ಪ ಸಕ್ರಿ ಕೊಡು."

ಮಷೀನ್ ತುಳಿಯೋ ಕಾಲು ಹಂಗೇ ನಿಂತ್ವು. ಆ ದನಿ ನಾ ಮರಿಯೋದಲ್ಲ. ಹಲ್ಲು ಕಟ್ಟಿಸಿದ ಮ್ಯಾಲೆ ದೊಡ್ಡವ್ವ 'ಸ' ಅಂದಾಗೆಲ್ಲ ಸಣ್ಣಗೆ ಒಂದು ಸೀಟಿ ಬರ್ತಿತ್ತು. ಮಾತು ಶುರು ಮಾಡೋ ಮೊದಲ ಟಕ್ ಅಂತ ಹಲ್ಲಿನ ಸೆಟ್ ಕೂಡಿಸ್ಕೋತಿದ್ಳು. ನನ್ನ ಸಣ್ಣಾಕಿ ಅಂತ ಕರಿಯಾಕಿನೂ ಅಕಿ ಒಬ್ಬಾಕಿನೇ. ನಮ್ಮವ್ವ ಹೆಸರು ಹಿಡಿದು ಕರೀತಾಳ, ಸಿಟ್ಟು ಬಂದ್ರ ಏ ಹುಡುಗಿ ಅಂತಾಳ. ಈ ಹುಡುಗಿಗಿ ತಲಿ ಬೆಳ್ಳಗಾಗ್ಯಾದ, ಅದು ಬ್ಯಾರೆ ಮಾತು.

ಅಡಗಿ ಮನಿಗಿ ಹೋಗಿ ನೋಡಿದ್ರ ಅವ್ವ ಒಬ್ಬಾಕಿನೇ ಚಹಾಕ್ಕ ಇಟ್ಟು ನಿಂತಿದ್ಳು. ತಿರುಗಿ ನಕ್ಕಳು. ಮುಖ ನಮ್ಮವ್ವಂದು, ನಗಿ ದೊಡ್ಡವ್ವಂದು.

"ಬಾಯಾಗ ಏನ ಹಾಕ್ಕೊಂಡಿ?" ಅಂದೆ.

"ಅಕ್ಕನ ಸೆಟ್," ಅಂದ್ಳು ಅವ್ವ.

ಮಣ್ಣಾದ ದಿನ ದೊಡ್ಡವ್ವನ್ನ ಗ್ವಾಡಿಗಿ ಆನಿಸಿ ಕೂಡಿಸಿ, ಹಣಿಗಿ ಈಬತ್ತಿ ಹಚ್ಚಿದ್ರು. ಬೋಳು ಬಾಯಿ ಒಳಗ ಹೋಗಿತ್ತು. ಮುಖ ಛಂದ ಕಾಣ್ಲಿ ಅಂತ ಯಾರೋ ಸೆಟ್ ತಂದು ಹಾಕಿ ನೋಡಿದ್ರು. ನಿಲ್ಲಲಿಲ್ಲ, ಜಾರಿ ಉಡ್ಯಾಗ ಬಿತ್ತು. ಸ್ಟೀಲಿನ ಬಟ್ಟಲದಾಗ ಹಾಕಿ ಗ್ವಾಡ್ಯಾಗಿನ ಮಾಡದಾಗ ಇಟ್ರು. ಅದನ್ನ ನಮ್ಮವ್ವ ಸೆರಗಿನಾಗ ಗಂಟು ಕಟ್ಟಿಕೊಂಡು ಬಂದಿದ್ಳು. ನನಗ ಗೊತ್ತೇ ಇಲ್ಲ.

ಅವ್ವನ ಸ್ವಂತ ಸೆಟ್ ಕಪಾಟಿನಾಗ ಬಿದ್ದಿತ್ತು. ರೊಟ್ಟಿ ಕಡದ್ರ ಕೆಳಗಿನದು ಎದ್ದು ನಾಲಿಗಿ ಮ್ಯಾಲೆ ಬರ್ತಿತ್ತು. ಡಾಕ್ಟರ ಹತ್ರ ನಡಿ ಅಂದ್ರ ಒಲ್ಲೆ.

"ಅಕ್ಕಂದು ಗಟ್ಟಿ ಕೂಡ್ತದ. ಒಂದೇ ಹೊಟ್ಟ್ಯಾಗ ಹುಟ್ಟೀವಿ, ದವಡಿ ಬ್ಯಾರೆ ಇರ್ತದೇನು?"

ಬಾಯಿಗಿ ಬಂದಂಗ ಬೈದೆ. ಸತ್ತವರ ಹಲ್ಲು, ಹೇಸಿಗಿ ಬರಂಗಿಲ್ಲೇನು ಅಂದೆ. ಖರೆ ಹೇಳ್ಬೇಕಂದ್ರ ನನಗ ಹೇಸಿಗಿ ಅಲ್ಲ, ಅಂಜಿಕಿ ಹತ್ತಿತ್ತು. ಸೀಟಿ ಹಲ್ಲಿಂದ ಬರ್ತದ, ಒಪ್ಪಿದೆ. ಸಣ್ಣಾಕಿ ಅನ್ನೋದು ಯಾವ ಹಲ್ಲಿಂದ ಬರ್ತದ?

ಬರಬರತ ಅವ್ವ ರೊಟ್ಟಿ ಬಿಟ್ಟಳು, ಅನ್ನ ಬಿಟ್ಟಳು, ಬರೇ ಅಂಬಲಿ ಕುಡಿಯಾಕತ್ತಳು. ಬಾಯಿ ತೆಗಿಸಿ ನೋಡಿದ್ರ ಕೆಳಗಿನ ಒಸಡಿನ ಅಂಚಿಗಿ ಬೆಳ್ಳನ್ನ ಹುಣ್ಣು. ರಟ್ಟಿ ಹಿಡದು ಯಾದಗಿರಿ ಬಸ್ ಹತ್ತಿಸಿದೆ.

ಹಲ್ಲಿನ ಡಾಕ್ಟರು ಹೆಣ್ಣುಮಗಳು. ಸೆಟ್ ಹೊಳ್ಳಿಸಿ ಹೊಳ್ಳಿಸಿ ನೋಡಿ, "ಇದು ನಿಮ್ಮ ಬಾಯಿಗಿ ಮಾಡಿದ್ದಲ್ರಿ ಅಮ್ಮ," ಅಂದ್ರು. "ಹಲ್ಲು ಹೋದ ಮ್ಯಾಲೆ ದವಡಿ ಎಲುಬು ಸವಕೋತ ಹೋಗ್ತದ. ಅದಕ್ಕ ನಿಮ್ಮದು ಸಡ್ಲಾಗ್ಯಾದ. ಆವಾಗೇ ಬಂದಿದ್ರ ಒಳಗ ಹೊಸ ಪದರು ಕೂಡಿಸಿ ಬಿಗಿ ಮಾಡ್ತಿದ್ವಿ. ಬ್ಯಾರೆಯವರ ಸೆಟ್ ಗಟ್ಟಿ ಅನಸ್ತದ, ಆದ್ರ ಒಂದೇ ಕಡಿ ಒತ್ತಿ ಹುಣ್ಣು ಮಾಡ್ತದ. ರಾತ್ರಿನೂ ಹಾಕ್ಕೊಂಡೇ ಮಲಗ್ತೀರಿ, ಹೌದಲ್ರಿ? ಅಂಗುಳ ಕೆಂಪಗಾಗಿ ಫಂಗಸ್ ಹತ್ಯಾದ."

ಡಾಕ್ಟರು ಹಚ್ಚಾಕ ಔಷಧ ಕೊಟ್ರು. ಎರಡು ವಾರ ಬಾಯಾಗ ಯಾವ ಸೆಟ್ಟೂ ಬ್ಯಾಡ, ಹುಣ್ಣು ಮಾಯ್ದ್ರ ಅಳತಿ ತಗೊಂಡು ಹೊಸದು ಮಾಡೋಣು ಅಂದ್ರು. ನನ್ನ ಮಗ್ಗಲಕ್ಕ ಕರದು, "ಮಾಯಲಿಲ್ಲಂದ್ರ ತುಣುಕು ತಗದು ಕ್ಯಾನ್ಸರ್ ಏನು ಅಂತ ನೋಡಬೇಕಾಗ್ತದ," ಅಂತ ಮೆಲ್ಲಕ ಹೇಳಿದ್ರು.

ಹಂಗ ಹೇಳುವಾಗೇ ಅವರ ಕಣ್ಣು ನನ್ನ ಬಾಯಿ ಮ್ಯಾಲೆ ಬಿತ್ತು. ನಂದು ಮುಂದಿನ ಒಂದು ಹಲ್ಲು ಕಟ್ಟಿಸಿದ್ದು, ತಂತಿ ಕೊಂಡಿ ಹಾಕಿದ ಪ್ಲೇಟು. "ನಿಮ್ಮ ಕೊಂಡಿ ಸಡ್ಲಾಗ್ಯಾದ. ಬಿಗಿ ಮಾಡಿಸ್ಕೊರಿ, ಇಲ್ಲಂದ್ರ ಮಗ್ಗಲ ಹಲ್ಲೂ ಅಲಗಾಡ್ತದ," ಅಂದ್ರು. ಮುಂದಿನ ಸಲ ನೋಡೋಣು ಅಂದೆ. ಅವ್ವನ ಹುಣ್ಣಿನ ಮುಂದ ನಂದೇನು.

ಎರಡು ವಾರ ಮುಗೀತ ಬಂತು, ಹುಣ್ಣು ಇದ್ದಂಗೇ ಇತ್ತು. ನನಗ ಊಟ ಸೇರ್ತಿರಲಿಲ್ಲ. ಒಂದು ಮಧ್ಯಾಹ್ನ ಗಿರಾಕಿಗಿ ಕುಪ್ಪಸ ಕೊಟ್ಟು ಹೊಳ್ಳಿ ಬಂದ್ರ ಒಳಗಿನ ಕೋಣಿ ಬಾಗಲಾ ಮುಚ್ಚಿತ್ತು. ಒಳಗ ಇಬ್ಬರು ಹೆಂಗಸರು ಮಾತಾಡಾಕತ್ತಿದ್ರು.

"ಅಕ್ಕಾ, ಉಂಡ್ಯಾ?" ಬೋಳು ಬಾಯಿ ದನಿ.

ಟಕ್. "ಹೂಂ, ಸಜ್ಜಿ ರೊಟ್ಟಿ, ಸಾರು." ಸೀಟಿ.

ಮತ್ತ ಬೋಳು ಬಾಯಿ. "ಅಲ್ಲಿ ಬಿಸಲು ಭಾಳ ಅದೇನು?"

ಟಕ್. "ಇಲ್ಲೆಲ್ಲಿ ಬಿಸಲು. ಸುತ್ತ ತಂಪದ."

ದೊಡ್ಡವ್ವ ಇದ್ದಾಗ ಅಕ್ಕ-ತಂಗಿ ದಿನಾ ಮಧ್ಯಾಹ್ನ ಫೋನಿನಾಗ ಮಾತಾಡ್ತಿದ್ದ ಹೊತ್ತು ಅದು. ಬಾಗಲಾ ದೂಡಿದೆ. ಅವ್ವ ಗ್ವಾಡಿಗಿ ಮುಖ ಮಾಡಿ ಕೂತಿದ್ಳು, ಉಡ್ಯಾಗ ಬಟ್ಟಲ. ತಾ ಕೇಳೋಮುಂದ ಸೆಟ್ ತಗಿಯಾಕಿ, ಅಕ್ಕ ಆಗಿ ಹೇಳೋಮುಂದ ಹಾಕ್ಕೊಳ್ಳಾಕಿ.

"ಹಿಂಗೇ ಮಾಡಿದ್ರ ನೀ ಸಾಯ್ತಿ," ಅಂದೆ. ಸಿಟ್ಟಿನಾಗೇ ಅಳು ಬಂತು. "ದೊಡ್ಡವ್ವ ಹೋದ್ಳು. ನೀನಾರ ಇರು. ನನಗ ನೀ ಬೇಕು."

ಅವ್ವ ಬಟ್ಟಲ ನನ್ನ ಕೈಯಾಗ ಇಟ್ಟಳು. "ಇನ್ನ ಅಕಿ ಹ್ಯಾಂಗ ಮಾತಾಡ್ಬೇಕು?" ಅಂದ್ಳು.

ಮರುದಿನ ರಂಗಂಪೇಟಿಗಿ ಹೋಗಿ, ದೊಡ್ಡವ್ವನ್ನ ಮಣ್ಣು ಮಾಡಿದ ಗುದ್ದಿನ ಮಗ್ಗಲಾಗ ನೆಲ ಕೆದರಿ ಸೆಟ್ ಹುಗದು ಬಂದೆ. ಹುಣ್ಣು ಮಾಯ್ತು. ಯಾದಗಿರ್ಯಾಗ ಅಳತಿ ಆತು, ಹೊಸ ಸೆಟ್ ಬಂತು, ಒತ್ತಿದಲ್ಲಿ ಡಾಕ್ಟರು ಉಜ್ಜಿ ಕೊಟ್ರು. ಅವ್ವ ಈಗ ರೊಟ್ಟಿ ಮುರದು ತಿಂತಾಳ. 'ಸ' ಅಂದ್ರ ಬರೇ 'ಸ'. ನನ್ನ ಜೀವಕ್ಕ ತಂಪಾತು.

ಮೊನ್ನಿ ಮಧ್ಯಾಹ್ನ ಮತ್ತ ಆ ಕೋಣಿ ಬಾಗಲಾ ಮುಚ್ಚಿತ್ತು.

"ಅಕ್ಕಾ, ಉಂಡ್ಯಾ?"

ಉತ್ತರ ಇಲ್ಲ.

"ಅಕ್ಕಾ?"

ನಾ ಹೊರಗ ನಿಂತಿದ್ದೆ. ಆ ಸುಮ್ಮನಿರೋದು ನನಗ ತಡಕೊಳ್ಳಾಕ ಆಗಲಿಲ್ಲ. ನಾಲಿಗಿಲೆ ಪ್ಲೇಟು ಇಳಿಸಿ ಮತ್ತ ಏರಿಸಿದೆ. ಟಕ್.

"ಹೂಂ, ಸಜ್ಜಿ ರೊಟ್ಟಿ, ಸಾರು."

ಸೀಟಿ ಬಂತು. ನಾ ದನಿ ಬದಲಿಸಿರಲಿಲ್ಲ, ದೇವರಾಣಿ. ನನ್ನ ಬಾಯಿಗಿ ನಾನೇ ಅಂಜಿ ಕೈ ಅಡ್ಡ ಹಿಡಕೊಂಡೆ.

ಒಳಗ ಅವ್ವ ದನಿ ಸಣ್ಣದು ಮಾಡಿ ಅಂದ್ಳು, "ಮೆಲ್ಲಕ ಮಾತಾಡಕ್ಕ. ಸಣ್ಣಾಕಿ ಬಾಗಲದಾಗ ನಿಂತಾಳ."

ಮಗ್ಗಲ ಹಲ್ಲು ಈಗ ಅಲಗಾಡಾಕತ್ತದ. ಯಾದಗಿರಿಗಿ ಹೋಗಿ ಕೊಂಡಿ ಬಿಗಿ ಮಾಡಿಸ್ಕೊಂಡು ಬಾ ಅಂತ ಮುಂಜಾನೆ ಅವ್ವನೇ ಬೈತಾಳ. ಮಧ್ಯಾಹ್ನಾದ್ರ ಕೋಣಿ ಬಾಗಲಾ ಮುಚ್ಚತಾಳ. ನಾ ಇನ್ನೂ ಹೋಗಿಲ್ಲ.